ಹಲ್ಲುಮೇಸ್ತ್ರಿಯ ಮೊದಲ ಸಹಿ

ಸಿಟ್ಟೇ ಬರದ ಮನುಷ್ಯನನ್ನು ಕಂಡರೆ ನನಗೆ ಒಂದು ಕೆಟ್ಟ ಕುತೂಹಲ. ನಾನು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವನು. ಕಾಲು ನೋಡಿ ಆಳನ್ನು ಅಳೆಯುವುದು ನನ್ನ ಚಾಳಿ, ಕಂಡವರ ವಿಷಯದಲ್ಲಿ ಮೂಗು ತೂರಿಸುವುದು ಹುಟ್ಟುಗುಣ. ಆದರೆ ನಮ್ಮ ಬೆಳಗಿನ ರೈಲಿನ ಹಲ್ಲುಮೇಸ್ತ್ರಿ ಮಾತ್ರ ಬಹಳ ಕಾಲ ನನ್ನ ಅಳತೆಗೆ ಸಿಕ್ಕಿರಲಿಲ್ಲ.

ಆ ರೈಲಿನಲ್ಲಿ ಸಿಟ್ಟು ಬರದಿರುವುದು ಸುಲಭದ ಮಾತಲ್ಲ. ನಮ್ಮದು ಒಂಟಿ ಹಳಿಯ ದಾರಿ. ಹೊಳೆಯ ಹತ್ತಿರ ಬಂದರೆ ಎದುರಿನಿಂದ ಬರುವ ರೈಲು ಸೇತುವೆ ದಾಟುವ ತನಕ ನಾವು ಇತ್ತ ಕಡೆ ಕಾಯುತ್ತಾ ನಿಲ್ಲಬೇಕು. ಇದಕ್ಕೆಂದೇ ಎರಡನೇ ಹಳಿ, ಹೊಸ ಸೇತುವೆ ಎಂದು ಕಾಮಗಾರಿ ಶುರುವಾಗಿ ಯಾವ ಕಾಲವಾಯಿತೋ. ನೀರಿನಲ್ಲಿ ಕಂಬಗಳು ಎದ್ದು ನಿಂತವು, ಆಮೇಲೆ ಕೆಲಸವೂ ನಿಂತಿತು. ತಡವಾಗಿ ಹೋಗಿ ಬೈಸಿಕೊಂಡವರು, ಪರೀಕ್ಷೆ ತಪ್ಪಿಸಿಕೊಂಡವರು, ಆಸ್ಪತ್ರೆಯ ಸರದಿ ಕಳೆದುಕೊಂಡವರು ಎಲ್ಲರೂ ಆ ಬೋಳು ಕಂಬಗಳನ್ನು ನೋಡುತ್ತಾ ಶಾಪ ಹಾಕುತ್ತಿದ್ದರು. ನಮ್ಮ ಬೋಗಿಯ ಹಿರಿಯಾಳು, ವಕೀಲರೊಬ್ಬರ ಗುಮಾಸ್ತರು, ಎಲ್ಲಿಂದಲೋ ಸುದ್ದಿ ತಂದಿದ್ದರು: ಅಲ್ಲೊಬ್ಬಳು ಇಂಜಿನಿಯರಮ್ಮ ಇದ್ದಾಳಂತೆ, ಕಂಬಕ್ಕೆ ಒಪ್ಪಿಗೆಯ ಸಹಿ ಹಾಕುತ್ತಿಲ್ಲವಂತೆ. ಅಂದಿನಿಂದ ಶಾಪಕ್ಕೆ ಒಂದು ವಿಳಾಸ ಸಿಕ್ಕಿತು.

ಇಷ್ಟೆಲ್ಲ ನಡೆಯುವಾಗ ಹಲ್ಲುಮೇಸ್ತ್ರಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದರು. ಅವರು ಡಾಕ್ಟರಲ್ಲ. ಹಲ್ಲಿನ ಡಾಕ್ಟರುಗಳು ಅಳತೆ ತೆಗೆದು ಕಳಿಸಿದರೆ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡಿ, ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ಪಟ್ಟಣಕ್ಕೆ ಒಯ್ಯುವವರು. ರೈಲು ನಿಂತರೆ ಒಂದು ಸೆಟ್ಟು ಹೊರತೆಗೆದು ಸಣ್ಣ ಉಜ್ಜುಕಾಗದದಿಂದ ಅಂಚು ತಿಕ್ಕುತ್ತಿದ್ದರು. ಎದುರು ಕೂತ ಮಕ್ಕಳು ಹೆದರಿ ಅಮ್ಮಂದಿರ ಸೆರಗು ಹಿಡಿಯುತ್ತಿದ್ದವು.

ನಮ್ಮಮ್ಮನಿಗೂ ಅವರದೇ ಹಲ್ಲು. ಇಂದು ಬಾ, ನಾಳೆ ಬಾ ಎಂದು ಅಷ್ಟು ಅಲೆಸಿದ್ದಕ್ಕೆ ಅಮ್ಮ, ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ, ಈ ಮನುಷ್ಯನನ್ನು ನಂಬಿದರೆ ಎರಡೂ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟಿದ್ದಳು. ಅವರು ನಕ್ಕು, ಅಲ್ಲಾಡುವ ಹಲ್ಲು ಕೊಟ್ಟರೆ ಅದು ಬಾಯಲ್ಲಿ ಇರುವುದಿಲ್ಲ, ಲೋಟದಲ್ಲಿ ಇರುತ್ತದೆ ಎಂದು ಮತ್ತೆ ಮೇಣದಚ್ಚು ತೆಗೆದರು. ಈಗ ಅಮ್ಮ ಕಡಲೆಯನ್ನೂ ಜಗಿಯುತ್ತಾಳೆ, ನನ್ನ ಹೆಂಡತಿಯ ಮೇಲೆ ಹಲ್ಲನ್ನೂ ಕಡಿಯುತ್ತಾಳೆ.

ಒಂದು ಸಂಜೆ ಹಲ್ಲುಮೇಸ್ತ್ರಿ ನಮ್ಮ ಅಂಗಡಿಗೆ ಬಂದರು. ಹಳೆಯ ಪೇಪರಿನ ಮೇಲೆ ಪೆನ್ಸಿಲಿನಿಂದ ಎಳೆದ ಪಾದದ ಗುರುತು ಮುಂದಿಟ್ಟು, ಕೆಸರಿನಲ್ಲಿ ನಿಂತು ಕೆಲಸ ಮಾಡುವವರ ಗಟ್ಟಿ ಬೂಟು ಬೇಕೆಂದರು. ಪಾದ ಚಿಕ್ಕದು, ಹೆಂಗಸಿನದು. ಯಾರಿಗೆ ಎಂದೆ. ಮಗಳಿಗೆ ಎಂದರು. ಕೆಸರಿನಲ್ಲಿ ಏನು ಕೆಲಸ ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿದರು.

"ಹೊಳೆ ಹತ್ತಿರ. ಸೇತುವೆ ಕೆಲಸ. ನೀವು ದಿನಾ ಬೈತೀರಲ್ಲ, ಅವಳೇ."

ಹಿಂದಿನ ದಿನವಷ್ಟೇ ನಾನು, ಆಯಮ್ಮನ ಕೈ ಬೆಚ್ಚಗೆ ಮಾಡಬೇಕೇನೋ, ಅದಕ್ಕೇ ಸಹಿ ಬೀಳುತ್ತಿಲ್ಲ ಎಂದು ಬೋಗಿಯನ್ನೆಲ್ಲ ನಗಿಸಿದ್ದೆ. ಅವರು ಎದುರಿಗೇ ಕೂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮಾತ್ರ ಬೂಟಿನ ಅಟ್ಟೆ ಬಗ್ಗಿಸಿ ನೋಡುತ್ತಾ ನಿಧಾನವಾಗಿ ಹೇಳಿದರು: ಒಂದು ಕಂಬದ ಬುಡಕ್ಕೆ ಗಟ್ಟಿ ನೆಲ ಸಿಕ್ಕಿಲ್ಲ. ಇನ್ನೂ ಆಳಕ್ಕೆ ಇಳಿಸಬೇಕು ಎಂದು ಮಗಳು ಬರೆದು ಕೊಟ್ಟಿದ್ದಾಳೆ. ಗುತ್ತಿಗೆದಾರ ಒಪ್ಪುತ್ತಿಲ್ಲ. ಮೇಲಿನವರು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಇದನ್ನು ಬೋಗಿಯಲ್ಲಿ ಹೇಳಬೇಡಿ, ಅಪ್ಪ ವಕಾಲತ್ತು ಮಾಡುತ್ತಿದ್ದಾನೆ ಅಂತಾರೆ ಎಂದರು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಊರಿಗೇ ಗೊತ್ತು. ಆದರೂ ಆ ದಿನದಿಂದ ಬಾಯಿಗೆ ಬೀಗ ಹಾಕಿದೆ.

ಅರ್ಜಿ ಹಾಕೋಣ ಎಂದು ಬೋಗಿಯಲ್ಲಿ ನಾಲ್ಕಾರು ದಿನ ಮಾತಾಯಿತು, ಆಮೇಲೆ ಗುಮಾಸ್ತರು ಅದನ್ನು ಬರೆದೇ ತಂದರು. ಇಂಜಿನಿಯರಮ್ಮನ ಮೇಲೆ ವಿಚಾರಣೆ ಆಗಬೇಕು, ಅವಳನ್ನು ಎತ್ತಂಗಡಿ ಮಾಡಬೇಕು ಎಂದು ಅದರಲ್ಲಿತ್ತು. ಪಾಪಭೀರು ಎಂದು ಎಲ್ಲರೂ ಗೌರವಿಸುವ ಮನುಷ್ಯನ ಹೆಸರು ಮೇಲಿದ್ದರೆ ಅರ್ಜಿಗೆ ತೂಕ ಎಂದು ಅದನ್ನು ಮೊದಲು ಹಲ್ಲುಮೇಸ್ತ್ರಿಯ ಕೈಗೇ ಕೊಟ್ಟರು. ಕನ್ನಡಕ ಮರೆತೆ ಅನ್ನುತ್ತಾರೋ, ಮುಂದಿನ ಸ್ಟೇಷನ್ನಿನಲ್ಲಿ ಇಳಿದೇ ಬಿಡುತ್ತಾರೋ ಎಂದು ನೋಡುತ್ತಾ ಕೂತೆ.

ಅವರು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. ಇಲ್ಲೊಂದು ಸಾಲು ಸೇರಿಸಿ, ವಿಚಾರಣೆಗೆ ಬರುವವರು ಕಚೇರಿಯಲ್ಲಿ ಕೂರದೆ ಕಂಬದ ಹತ್ತಿರವೇ ಬರಬೇಕು ಎಂದರು. ಭೇಷ್ ಎಂದು ಗುಮಾಸ್ತರು ಬರೆದುಕೊಂಡರು. ಆಮೇಲೆ ಡಬ್ಬಿಯ ಮೇಲೆ ಕಾಗದವಿಟ್ಟು ಎಲ್ಲರಿಗಿಂತ ಮೊದಲು ಸಹಿ ಹಾಕಿದರು. ಪೆನ್ನು ನನ್ನ ಕಡೆ ಬಂದಾಗ ನನ್ನ ಕೈ ಏಳಲಿಲ್ಲ. ಆಮೇಲೆ ಹಾಕುತ್ತೇನೆ ಎಂದು ಮುಂದೆ ದಾಟಿಸಿದೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಳಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಅವರನ್ನು ಅಡ್ಡಗಟ್ಟಿ, ಹೆತ್ತ ಮಗಳ ಮೇಲೆ ದೂರು ಕೊಡುವವರನ್ನು ಇವತ್ತೇ ಕಂಡೆ ಎಂದೆ. ಅವರು ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಜನ ಸರಿಯುವ ತನಕ ಕಾದರು.

"ಅವಳೇ ಹಾಕು ಅಂದ್ಲು. ಅವಳು ಬರ್ದಿದ್ದನ್ನ ಯಾರೂ ತೆಗೆದೇ ನೋಡಿಲ್ಲ. ಅವಳ ಮೇಲೆ ದೂರು ಹೋದ್ರೆ ವಿಚಾರಣೆ ಮಾಡ್ಲೇಬೇಕು. ಮಾಡಿದ್ರೆ ಕಂಬದ ಬುಡ ಅಗೆದು ನೋಡ್ಲೇಬೇಕು."

"ಅವಳನ್ನೇ ಎತ್ತಿ ಬಿಸಾಕಿದ್ರೆ?"

"ಬಿಸಾಕ್ತಾರೆ. ಅದೂ ಅವಳಿಗೆ ಗೊತ್ತು." ಡಬ್ಬಿಯ ಮುಚ್ಚಳ ಒತ್ತಿ ನೋಡಿ, "ಸಹಿ ಹಾಕುವಾಗ ಕೈ ನಡುಗ್ತು ಕಣಪ್ಪ, ಯಾರಾದ್ರೂ ನೋಡಿದ್ರಾ?" ಎಂದು ಕೇಳಿದರು.

ಯಾರೂ ನೋಡಿಲ್ಲ ಎಂದೆ. ನಾನು ನೋಡಿದ್ದೆ.

ವಿಚಾರಣೆಯವರು ಬಂದರು. ಕಂಬದ ಹತ್ತಿರ ನಿಂತು ಅಗೆಸಿದರು. ಮಗಳು ಹೇಳಿದ್ದೇ ನಿಜವಾಯಿತು. ಗುತ್ತಿಗೆದಾರ ಹೋದ, ಬೇರೆಯವನು ಬಂದ. ಆದರೆ ಜನರ ದೂರಿಗೂ ಮರ್ಯಾದೆ ಕೊಡಬೇಕಲ್ಲ, ಅಷ್ಟರೊಳಗೆ ಮಗಳನ್ನು ಯಾವುದೋ ದೂರದ ಮರಳುಗಾಡಿನಂಥ ಜಾಗಕ್ಕೆ ಹಾಕಿಯೂ ಆಗಿತ್ತು. ಹಲ್ಲುಮೇಸ್ತ್ರಿ ಮತ್ತೆ ಅಂಗಡಿಗೆ ಬಂದು ಮರಳಿನ ಮೇಲೆ ನಡೆಯುವ ಬೂಟು ಕೇಳಿದರು. ಅಳತೆಯ ಪೇಪರು ತಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಪಾದ ನನಗೆ ಬಾಯಿಪಾಠವಾಗಿತ್ತು.

ಮೊನ್ನೆ ರೈಲು ಎಂದಿನಂತೆ ಹೊಳೆಯ ಇತ್ತ ನಿಂತಿತ್ತು. ಬುಡ ಅಗೆದು ಮತ್ತೆ ಕಟ್ಟುವುದೆಂದರೆ ಇನ್ನೂ ತಡ. ಆದರೂ ನೀರಿನ ಹತ್ತಿರ ಯಂತ್ರಗಳು ಗುಡುಗುತ್ತಿದ್ದವು, ಜನರ ಮುಖದಲ್ಲಿ ಕಳೆ ಇತ್ತು. ಗುಮಾಸ್ತರು ಎದ್ದು ನಿಂತು, ಆಯಮ್ಮ ತೊಲಗಿದ ಮೇಲೆ ಕೆಲಸ ಹೇಗೆ ಓಡುತ್ತಿದೆ ನೋಡಿ, ಎಲ್ಲ ನಮ್ಮ ಅರ್ಜಿಯ ಮಹಿಮೆ ಎಂದು ಭಾಷಣ ಬಿಗಿದರು. ಮೊದಲ ಸಹಿ ನಿಮ್ಮದು, ಮೊದಲ ಮರ್ಯಾದೆಯೂ ನಿಮಗೇ ಎಂದು ಹಲ್ಲುಮೇಸ್ತ್ರಿಯನ್ನು ಎಬ್ಬಿಸಿ ತಮ್ಮ ಕಿಟಕಿಯ ಸೀಟಿನಲ್ಲಿ ಕೂರಿಸಿದರು. ಬೋಗಿಗೆ ಬೋಗಿಯೇ ಚಪ್ಪಾಳೆ ತಟ್ಟಿತು.

ನಾನು ತಡೆಯಲಾರದೆ ಬಾಯಿ ತೆರೆದೆ. ಹಲ್ಲುಮೇಸ್ತ್ರಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದರು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ಆ ಕಂಬವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನಗೊಬ್ಬನಿಗೇ ಕೇಳುವಂತೆ ಹೇಳಿದರು:

"ಬುಡಕ್ಕೆ ಕಾಂಕ್ರೀಟ್ ಹಾಕ್ತಿದ್ದಾರೆ. ಅಂದ್ರೆ ಗಟ್ಟಿ ನೆಲ ಸಿಕ್ಕಿದೆ. ಮನೆಗೆ ಹೋದ ತಕ್ಷಣ ಮಗಳಿಗೆ ಫೋನ್ ಮಾಡಿ ಹೇಳ್ಬೇಕು."