ಜಯಕ್ಕನ ಮೌನ, ನಮ್ಮ ಮೇಕೆ

ಹೋದ ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಜಯಕ್ಕ ನನ್ನನ್ನು ನೋಡಿದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟರು.

ನಾನು ರಾವಂದೂರಿಗೆ ಸೊಸೆಯಾಗಿ ಬಂದಾಗಿನಿಂದ ನಮ್ಮಿಬ್ಬರದು ಬೇಲಿಯ ಆಚೀಚೆ ನಿಂತು ಮಾತಾಡುವ ಸ್ನೇಹ. ಸಾರಿಗೆ ಉಪ್ಪು ಜಾಸ್ತಿಯಾದರೂ ಮೊದಲು ಅವರಿಗೇ ಹೇಳುವುದು.

ಮಂಗಳವಾರವೂ ಹಾಗೇ. ಬುಧವಾರ ನಾನಾಗಿಯೇ "ಕಾಫಿ ಆಯ್ತಾ ಜಯಕ್ಕ?" ಅಂದೆ. ಬರೀ ತಲೆಯಾಡಿಸಿ ಹೋದರು...

ನನಗೆ ಕನ್ಫರ್ಮ್ ಆಯಿತು. ಮೇಕೆ ವಿಷಯ ಗೊತ್ತಾಗಿದೆ!

ಎರಡು ತಿಂಗಳ ಹಿಂದೆ ನಮ್ಮ ಮೇಕೆ ಹಗ್ಗ ಕಿತ್ತುಕೊಂಡು ಹೋಗಿ ಅವರ ಕನಕಾಂಬರದ ಗಿಡಗಳನ್ನೆಲ್ಲ ಮೇದಿತ್ತು. ಜಯಕ್ಕ ಅದು ಕೆಳಗಿನ ಬೀದಿ ಪುಟ್ಟಮ್ಮನ ಮೇಕೆ ಅಂದುಕೊಂಡು, ಅವರ ಮನೆ ಮುಂದೆ ನಿಂತು ಬೈದು ಬಂದರು. ನಾನು ಪಕ್ಕದಲ್ಲೇ ನಿಂತು "ಛೆ ಛೆ" ಅಂದಿದ್ದೆ.

ಇನ್ನು ಮುಗಿಯಿತು. ಇವತ್ತು ಬೀದಿಗೆ ಹೇಳುತ್ತಾರೆ, ನಾಳೆ ಮಹಿಳಾ ಸಂಘಕ್ಕೆ. ಮಗಳ ಮದುವೆಗೆ ಒಬ್ಬರೂ ಬರುವುದಿಲ್ಲ. ಪಾಯಸದ ಕೊಳಗದ ಮುಂದೆ ನಾನೊಬ್ಬಳೇ ಕೂತಿರುವುದು ಕಣ್ಣಿಗೇ ಕಟ್ಟಿತು.

ಮಗಳು ಇನ್ನೂ ಪಿಯುಸಿ.

ಅವಳೇ ಅಂದಳು, "ಅಮ್ಮ, ಅವ್ರ್ ಮನಸಲ್ಲಿರದು ನಿಂಗೆ ಎಂಗ್ ಗೊತ್ತು? ಒಂದ್ ಮಾತು ಕೇಳ್ಬಾರ್ದಾ?"

ಕೇಳುವುದೇನು, ಮುಖ ನೋಡಿದರೆ ಗೊತ್ತಾಗಲ್ವಾ!

ಗುರುವಾರ ಒಂದು ಡಬ್ಬಿ ಚಕ್ಕುಲಿ ಹಿಡಿದು ಹೋದೆ. ಬಾಗಿಲು ತೆಗೆದದ್ದೇ ತಡ, ಒಂದೇ ಉಸಿರಿಗೆ, "ತಪ್ಪಾಯ್ತು ಕಣಕ್ಕ, ನಿಮ್ ಕನಕಾಂಬರ ತಿಂದಿದ್ದು ನಮ್ ಮೇಕೇನೇ!"

ಜಯಕ್ಕನ ಸೆರಗು ಜಾರಿತು.

ಮುಂದಿನ ಎರಡು ಹಲ್ಲು ಇಲ್ಲ! ಭಾನುವಾರ ಬಚ್ಚಲಲ್ಲಿ ಬಿದ್ದಿದ್ದರಂತೆ. ಹಲ್ಲು ಕಟ್ಟಿಸಿಕೊಳ್ಳುವವರೆಗೆ ಯಾರಿಗೂ ಕಾಣಬಾರದು ಅಂತ ನಾಚಿಕೆ. ಅಷ್ಟೇ.

"ಮೇಕೆ ನಿಂದಾ?" ಅಂದರು. "ಅಯ್ಯೋ, ಆ ಪುಟ್ಟಮ್ಮನ್ನ ಅಷ್ಟೊಂದು ಬೈದು ಬಂದ್ನಲ್ಲೇ! ಪಕ್ದಲ್ಲೇ ನಿಂತಿದ್ಯಲ್ಲೇ ನೀನು!"

ನಾನು ತಲೆ ತಗ್ಗಿಸಿದೆ. ಕೈಯಲ್ಲಿ ಚಕ್ಕುಲಿ... ಅದೂ ಹಲ್ಲಿಲ್ಲದವರಿಗೆ.

ಜಯಕ್ಕ ಡಬ್ಬಿ ಕಿತ್ತುಕೊಂಡು ಚಪ್ಪಲಿ ಮೆಟ್ಟಿದರು. "ನಡಿ, ಅವಳ್ಗೆ ಕೊಟ್ಟು ಇಬ್ರೂ ತಪ್ಪಾಯ್ತು ಅನ್ನಾನ." ದಾರಿಯುದ್ದಕ್ಕೂ ನನ್ನನ್ನು ಬೈದರು, ಬಾಯಿ ಮುಚ್ಚಿಕೊಳ್ಳುವುದನ್ನೂ ಮರೆತು.

ನಮ್ಮಿಬ್ಬರನ್ನು ದೂರದಿಂದಲೇ ನೋಡಿದ ಪುಟ್ಟಮ್ಮ, ಮತ್ತೆ ಜಗಳಕ್ಕೆ ಬಂದರು ಅಂದುಕೊಂಡು ದಡಾರನೆ ಬಾಗಿಲು ಹಾಕಿಕೊಂಡರು!

ಕೊನೆಗೆ ಕಿಟಕಿಯಲ್ಲೇ ಕೂಗಿ ಕ್ಷಮೆ ಕೇಳಿ, ಚಕ್ಕುಲಿಯನ್ನು ಸರಳಿನ ಸಂದಿಯಲ್ಲಿ ಒಂದೊಂದಾಗಿ ಒಳಗೆ ಕೊಟ್ಟೆವು. ಮೂರನೆಯದಕ್ಕೆ ಚಿಲಕ ತೆಗೆದರು.

ಒಂದು ಮಾತು ಕೇಳಿದ್ದರೆ ಮುಗಿಯುತ್ತಿದ್ದದ್ದನ್ನು ಮನಸ್ಸಿನಲ್ಲೇ ಇಷ್ಟು ದೂರ ಎಳೆದುಕೊಂಡು ಹೋದವಳು ನಾನೊಬ್ಬಳೇನಾ, ನೀವೂ ಇದ್ದೀರಾ?