ಹಸಿರು ಕುರ್ಚಿಯ ಮೇಲಿಟ್ಟ ಸಮನ್ಸ್

ಸೋಫಾದಕ್ಕ ಎಂದರೆ ಆ ಬೀದಿಗೆಲ್ಲ ಗೊತ್ತು. ಸ್ಪ್ರಿಂಗ್ ಕುಸಿದ ಸೋಫಾ, ಹೊದಿಕೆ ಹರಿದ ಕುರ್ಚಿ ಏನೇ ಇರಲಿ, ಅವರ ಕೈಗೆ ಬಂದರೆ ಹೊಸದಾಗಿ ಹೋಗುತ್ತದೆ. ಹೋದ ವರ್ಷ ಒಂದು ನಾಟಕಮಂದಿರದ ಆಸನಗಳನ್ನು ಹೊಲಿದುಕೊಡಲು ಅವರು ಹೊರದೇಶಕ್ಕೆ ಹೋಗಿದ್ದರು. ಅಂಗಡಿ ಮೈದುನನ ಪಾಲಿಗೆ ಬಿತ್ತು. ಒಂದು ಕಡೆ ಕೂತು ಗೊತ್ತಿಲ್ಲದ ಅವನಿಗೆ ಗಿರಾಕಿಗಳು ಇಟ್ಟ ಹೆಸರು ಸ್ಪ್ರಿಂಗು.

ಅಕ್ಕ ಮರಳಿದ ವಾರವೇ ಕೋರ್ಟಿನ ಅಮೀನ ಬಾಗಿಲಿಗೆ ಬಂದ. ಬಟ್ಟೆ ಸಾಹುಕಾರ ಹೂಡಿದ್ದ ಬಾಕಿಯ ದಾವೆ, ಅವರು ಊರಲ್ಲಿಲ್ಲದಾಗ ಏಕಪಕ್ಷೀಯವಾಗಿ ಅವನ ಪರ ಡಿಕ್ರಿಯಾಗಿತ್ತು. ಹಣ ಕಟ್ಟದಿದ್ದರೆ ಹೊಲಿಗೆ ಯಂತ್ರ ಜಪ್ತಿ. ದಪ್ಪ ಬಟ್ಟೆ ಹೊಲಿಯುವ ಆ ಯಂತ್ರ ಹೋದರೆ ಅಂಗಡಿಯೂ ಹೋದಂತೆ.

“ಹೊಲಿಗೆ ಹಾಕಿದ ಕಡೆಯೆಲ್ಲ ಪಿಸಿದು ಹೋಗೋ ಬಟ್ಟೆ ಕೊಟ್ಟ. ಹಾಗೇ ವಾಪಸ್ ಕಳಿಸಿದೀನಿ. ಅದಕ್ಕೂ ದುಡ್ಡಾ?” ಅಕ್ಕ ವಕೀಲೆಯ ಮುಂದೆ ಕುದಿದರು.

“ಅದು ಆಮೇಲಿನ ಮಾತು ಅಕ್ಕ. ಮೊದಲು ಈ ಡಿಕ್ರಿ ರದ್ದಾಗ್ಬೇಕು. ನೀವಿರ್ಲಿಲ್ಲ ಅನ್ನೋಕೆ ಪಾಸ್‌ಪೋರ್ಟ್ ಇದೆ. ಆದ್ರೆ ಸಮನ್ಸ್ ಅಂಗಡಿಗೆ ಬಂದಿತ್ತು, ಮನೆಯವರು ನಿಮಗೆ ಹೇಳಿರ್ತಾರೆ ಅಂತ ಸಾಹುಕಾರನ ಕಡೆಯವರು ಹಿಡ್ಕೋತಾರೆ.”

ವಕೀಲೆ ಕಡತದ ನಕಲು ತೆಗೆದು, ಸಮನ್ಸ್ ತಂದಿದ್ದ ಜವಾನನ ವರದಿ ಓದಿದರು: ‘ಅಂಗಡಿಯಲ್ಲಿದ್ದವರು ಸನ್ನೆ ಮಾಡಿದಂತೆ ಹಸಿರು ಕುರ್ಚಿಯ ಮೇಲೆ ಇಟ್ಟು ಬಂದಿರುತ್ತೇನೆ.’

ಅಕ್ಕನ ಜೊತೆ ಬಂದಿದ್ದ ಸ್ಪ್ರಿಂಗು ಕೂತಲ್ಲಿಂದ ಎದ್ದೇಬಿಟ್ಟ. “ಅತ್ತಿಗೆ, ಅದು ಹಲ್ಲಿನ ಡಾಕ್ಟ್ರ ಕುರ್ಚಿ.”

ಈ ಕಸುಬಿನವರಿಗೆ ಎರಡೂ ಕೈ ಬೇಕು. ಹಾಗಾಗಿ ಸಣ್ಣ ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು ನಾಲಿಗೆಯಿಂದ ಒಂದೊಂದಾಗಿ ಹೊರತಳ್ಳುತ್ತಾರೆ. ಅವತ್ತು ಬೆನ್ನ ಹಿಂದೆ ಯಾರೋ ‘ಇದನ್ನ ಎಲ್ಲಿಡ್ಲಿ?’ ಎಂದಾಗ ಸ್ಪ್ರಿಂಗು ತಿರುಗದೆ ಗಲ್ಲದಲ್ಲೇ ಕುರ್ಚಿ ತೋರಿಸಿದ್ದ. ಮುಂದೆ ಆ ಕುರ್ಚಿಯ ಹೊದಿಕೆ ಬಿಚ್ಚುವಾಗ ಸಂದಿಗೆ ಜಾರಿದ್ದ ಒಂದು ಲಕೋಟೆ ಸಿಕ್ಕಿತ್ತು. ಆಸನದ ಸಂದಿನಲ್ಲಿ ಸಿಕ್ಕಿದ್ದು ಗಿರಾಕಿಯದು, ಅದು ಅಂಗಡಿಯ ಕಟ್ಟುನಿಟ್ಟು. ಬಾಚಣಿಗೆ, ಗುಂಡಿ, ಲಕೋಟೆ ಎಲ್ಲ ಒಂದು ಚೀಲಕ್ಕೆ ಹಾಕಿ ಕುರ್ಚಿಯ ಜೊತೆ ಕಳಿಸಿದ್ದ.

“ಕೋರ್ಟಿನ ಮುದ್ರೆ ಕಾಣ್ಲಿಲ್ವೇನೋ ನಿಂಗೆ?”

“ಬೋರಲು ಬಿದ್ದಿತ್ತು. ಗಿರಾಕಿ ಕಾಗದ ಓದ್ಬಾರ್ದು ಅಂದಿದ್ದು ನೀವೇ ತಾನೆ?”

“ಓದ್ಬಾರ್ದು ಅಂದೆ. ನೋಡ್ಬಾರ್ದು ಅಂದ್ನಾ?”

ಬೈಗುಳ ಮುಗಿಯುವ ಮೊದಲೇ ಇಬ್ಬರೂ ಬೀದಿಗಿಳಿದಿದ್ದರು. ಸ್ಪ್ರಿಂಗು ಮುಂದೆ ಓಡಿ, ತಿರುಗಿ ಬಂದು, ಮತ್ತೆ ಓಡಿದ. ಬಾಗಿಲು ತೆರೆದ ಹಲ್ಲಿನ ಡಾಕ್ಟರಿಗೆ ಏದುಸಿರಿನಲ್ಲೇ ವಿಷಯ ಹೇಳಿದರು.

“ಓ, ಆ ಚೀಲಾನಾ? ಬಾಚಣಿಗೆ ಸಿಕ್ತು ಅಂತ ನಮ್ಮನೆಯವಳಿಗೆ ಖುಷಿಯೋ ಖುಷಿ. ಲಕೋಟೆ... ತಡೀರಿ.”

ಒಳಗೆ ಖಾನೆಗಳನ್ನು ಎಳೆದು ಮುಚ್ಚುವ ಸದ್ದು. ಹೆಂಡತಿಯ ದನಿ: “ರದ್ದಿ ಜೊತೆ ಹೋಯ್ತೇನೋ, ನೋಡಿ.” ಅಕ್ಕ ಹೊಸಿಲ ಮೇಲೆ ಕಾಲಿಟ್ಟು ಒಳಗೆ ಇಣುಕಿದರು. ಮತ್ತೊಂದು ಖಾನೆಯ ಸದ್ದು. ಡಾಕ್ಟರು ಹೊರಬಂದಾಗ ಕೈಯಲ್ಲಿ ಲಕೋಟೆಯಿತ್ತು.

“ನಮ್ಮದಲ್ಲ ಅಂತ ತೆಗೆದಿಟ್ಟೆ, ವಾಪಸ್ ಕೊಡೋದು ಮರೆತೆ. ಒಡೆದಿಲ್ಲಮ್ಮ.”

ಸ್ಪ್ರಿಂಗು ಕೈಚಾಚಿದ. “ಮುಟ್ಬೇಡ್ವೋ, ನೀನು ಮುಟ್ಟಿದ್ದು ಸಾಕು” ಎಂದರು ಅಕ್ಕ. ನಗು ತಡೆಯಲಾಗಲಿಲ್ಲ ಅವರಿಗೆ.

ಡಿಕ್ರಿ ರದ್ದತಿಗೆ ಹಾಕಿದ ಅರ್ಜಿಯ ವಿಚಾರಣೆಯಲ್ಲಿ ಸಾಹುಕಾರನ ವಕೀಲರು ಇದೆಲ್ಲ ಕಟ್ಟುಕಥೆ ಎಂದರು. ಡಾಕ್ಟರು ಸಾಕ್ಷಿ ನುಡಿದರು. ನ್ಯಾಯಾಧೀಶರು ಲಕೋಟೆಯನ್ನು ಬೆಳಕಿಗೆ ಹಿಡಿದು, ಅಂಟನ್ನು ಉಗುರಿನಿಂದ ಸವರಿ ನೋಡಿ, ತಾವೇ ಒಡೆದರು. ಒಳಗೆ ಸಮನ್ಸ್ ಮಡಿಕೆ ಮುರಿಯದೆ ಇತ್ತು.

“ಏನದು ಅಂತ ಆಗ್ಲೇ ಕೇಳ್ಬಹುದಿತ್ತಲ್ಲ?” ಅವರು ಸ್ಪ್ರಿಂಗುವನ್ನು ಕೇಳಿದರು.

“ಬಾಯ್ತುಂಬ ಮೊಳೆ ಸ್ವಾಮಿ. ಕೇಳೋಕೆ ಹೋಗಿದ್ರೆ ನುಂಗ್ತಿದ್ದೆ.”

ಬೆರಳಚ್ಚುಗಾರ್ತಿ ಕೂಡ ಟೈಪು ಮಾಡುವುದು ನಿಲ್ಲಿಸಿ ನಕ್ಕಳು. ನ್ಯಾಯಾಧೀಶರು ನಗಲಿಲ್ಲ. ತಲೆ ತಗ್ಗಿಸಿ ಆದೇಶ ಹೇಳಿಬರೆಸತೊಡಗಿದರು. ಅಕ್ಕ ಬೆಂಚಿನ ಅಂಚು ಬಿಗಿಹಿಡಿದು ಕೂತಿದ್ದರು. ಕೊನೆಗೆ ಅವರಿಗೆ ಬೇಕಿದ್ದ ಮಾತು ಬಂತು: ಡಿಕ್ರಿ ರದ್ದು, ಜಪ್ತಿ ಇಲ್ಲ, ಪ್ರತಿವಾದಿ ಮುಂದಿನ ತಾರೀಕಿಗೆ ತಮ್ಮ ಉತ್ತರ ಸಲ್ಲಿಸಲಿ.

ದಾವೆ ಇನ್ನೂ ಇದೆ. ಅಕ್ಕನಿಗೆ ಅದರ ಅಂಜಿಕೆ ಇದ್ದಂತೆ ಕಾಣಲಿಲ್ಲ. ಮೆಟ್ಟಿಲಿಳಿಯುವಾಗಲೇ ವಕೀಲೆಯ ತೋಳು ಹಿಡಿದು ನಿಲ್ಲಿಸಿ, ತಮ್ಮ ಕೈಚೀಲದ ಹೊಲಿಗೆಯನ್ನು ಎರಡೂ ಹೆಬ್ಬೆರಳಿನಿಂದ ಎಳೆದು ತೋರಿಸತೊಡಗಿದರು.

“ನೋಡಿ, ಒಳ್ಳೆ ಬಟ್ಟೆ ಹೀಗೆ ನಿಲ್ಲುತ್ತೆ. ಅವನು ಕೊಟ್ಟಿದ್ದು...”

“ಮೆಲ್ಲಗೆ ಅಕ್ಕ, ಬರ್ಕೋತೀನಿ” ಎಂದು ವಕೀಲೆ ಪೆನ್ನು ತೆಗೆದರು.