ಸೊಟ್ಟ ಗೋಡೆಗೆ ಮಟ್ಟದ ಕಪಾಟು

ಮದ್ರಾಸಿನ ಕಡೆ ಸಮುದ್ರದಲ್ಲಿ ಗಾಳಿ ಎದ್ದರೆ ಬೆಂಗಳೂರಿನ ಪಡುವಣ ಬಡಾವಣೆಗಳಿಗೆ ಮೂರು ದಿನ ಬಿಸಿಲಿಲ್ಲ. ಈ ಕಾರ್ತಿಕ ಸೋಮವಾರವೂ ಹಾಗೇ. ಮಳೆಯೆಂದರೆ ಮಳೆಯಲ್ಲ, ಇಬ್ಬನಿಯೆಂದರೆ ಇಬ್ಬನಿಯಲ್ಲ; ಬೆಳಗಿನ ಜಾವದಿಂದ ಸೋನೆ ಉದುರುತ್ತಲೇ ಇದೆ. ಮಲ್ಲತ್ತಹಳ್ಳಿ ಕೆರೆಯ ಮೇಲಿಂದ ಬರುವ ಗಾಳಿ ಒಂದು ಕಡೆ ನಿಲ್ಲದೆ ಬೀದಿಯಿಂದ ಬೀದಿಗೆ ತಿರುಗುತ್ತಿದೆ. ಆರೂಕಾಲಿಗೆ ಫಕೀರೇಶ ಬಡಿಗೇರ ಹಳೆಯ ಮೊಪೆಡ್ ನಿಲ್ಲಿಸಿ, ಹೆಗಲಿನ ಪ್ಲಾಸ್ಟಿಕ್ ಕೊಳವೆಯ ಸುರುಳಿಯನ್ನು ಸರಿಮಾಡಿಕೊಂಡು, ಗೇಟಿನ ಮುಂದೆ ನಿಲ್ಲುತ್ತಾರೆ. ಮನೆಯವರು ಇನ್ನೂ ಬಾಗಿಲಿಗೆ ನೀರು ಹಾಕಿಲ್ಲ. ನಿಲ್ಲಲಾರದೆ ಫಕೀರೇಶ ಬೀದಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಾರೆ.

"ಥಂಡಿಗೆ ಪ್ಲೈವುಡ್ ಉಬ್ಬತೈತ್ರಿ," ಎನ್ನುತ್ತಾರೆ. "ನಿನ್ನೆ ಸುಮ್ನ ಮುಚ್ಚಿದ ಬಾಗಿಲಾ ಇವತ್ತ ತಿಕ್ಕತೈತಿ. ಆದ್ರ ಇವತ್ತಿನ ಚಿಂತಿ ಅದಲ್ಲ ಬಿಡ್ರಿ."

ಫಕೀರೇಶರ ಕೆಲಸ, ಅಡುಗೆಮನೆಯ ಗೋಡೆಗೆ ಕಪಾಟು ಕೂರಿಸುವುದು. ಮಾಡ್ಯುಲರ್ ಕಿಚನ್ ಎಂಬ ಮಾತು ಈಗ ಕೆಂಗೇರಿಯವರೆಗೂ ಬಂದಿದೆ. ಮಾಗಡಿ ರಸ್ತೆಯ ಅಂಗಡಿಯಿಂದ ಕಪಾಟಿನ ಸಿದ್ಧ ಡಬ್ಬಗಳು ಟೆಂಪೋದಲ್ಲಿ ಬರುತ್ತವೆ, ಒಂದೊಂದೂ ಹದಿನೆಂಟು ಇಪ್ಪತ್ತು ಕಿಲೋ. ಅವುಗಳ ಮೂಲೆಗಳು ಕೂದಲೆಳೆಯಷ್ಟೂ ತಪ್ಪಿರುವುದಿಲ್ಲ. ತಪ್ಪುವುದು ಗೋಡೆ. "ಡಬ್ಬಿ ಮಷಿನ್ನಿಗೆ ಹುಟ್ಟಿದ್ದು, ಗ್ವಾಡಿ ಮನಷಾಗ ಹುಟ್ಟಿದ್ದು. ಎರಡೂ ಹೊಂದಾಣಿಕಿ ಆಗೂದಿಲ್ರಿ. ನಡುವ ನಾನು," ಎಂದು ನಗುತ್ತಾರೆ.

ಶಿರಹಟ್ಟಿ ಕಡೆಯ ಹಳ್ಳಿಯವರು. ತಂದೆ ನೇಗಿಲು, ಕೂರಿಗೆ, ಗಾಡಿಯ ಚಕ್ರ ಮಾಡುತ್ತಿದ್ದವರು. ಟ್ರ್ಯಾಕ್ಟರ್ ಬಂದ ಮೇಲೆ ಉಳಿ ಬಾಚಿಗಳಿಗೆ ಕೆಲಸವಿಲ್ಲವಾಯಿತು. ಮಗ ಬೆಂಗಳೂರಿಗೆ ಬಂದು ಒಂಬತ್ತು ವರ್ಷ. ಹೆಗ್ಗನಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಹಾಲವ್ವ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ನಾನೂರು ಅಡುಗೆಮನೆಗಳಿಗೆ ಕಪಾಟು ಕಟ್ಟಿದವರ ಮನೆಯಲ್ಲಿ ಪಾತ್ರೆಗಳು ಗೋಡೆಯಲ್ಲಿ ಮೊದಲೇ ಇದ್ದ ಮೂರು ಮೊಳೆಗಳಿಗೆ ನೇತುಬಿದ್ದಿವೆ. ಕೇಳಿದರೆ, "ಹಾಲವ್ವ ದಿನಾ ಬೈತಾಳ್ರಿ. ಬಾಡಿಗಿ ಗ್ವಾಡಿಗೆ ತೂತು ಹೊಡದ್ರ ಓನರ್ ಬಿಡ್ತಾನೇನ್ರಿ?" ಎನ್ನುತ್ತಾರೆ.

ಆ ನಾನೂರರಲ್ಲಿ, ಗೋಡೆ ನೇರವಿದೆಯೇ ನೋಡಲು ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟಾಗ ದಾರಕ್ಕೂ ಗೋಡೆಗೂ ನಡುವೆ ಮೇಲಿಂದ ಕೆಳಗಿನವರೆಗೆ ಒಂದೇ ಅಂತರ ಸಿಕ್ಕಿದ್ದು ಆರೇ ಕಡೆ. ಉಳಿದ ಕಡೆಯೆಲ್ಲ ಅರ್ಧ ಇಂಚು, ಒಂದು ಇಂಚು, ರಾಜಾಜಿನಗರದ ಹಳೆಯ ಮನೆಯೊಂದರಲ್ಲಂತೂ ಎರಡೂವರೆ ಇಂಚು. ಹಿಂದೆ ಪ್ಲೈವುಡ್ ಚೂರುಗಳನ್ನು ಒಂದರ ಮೇಲೊಂದು ತುಂಬಿ, ಮುಂದೆ ಡಬ್ಬ ನೇರ ನಿಲ್ಲಿಸಬೇಕು. ಎತ್ತಿ ಹಿಡಿದೂ ಹಿಡಿದೂ ಬಲಹೆಗಲು ಜಾರಿದೆ. ಸಿಮೆಂಟಿನ ಧೂಳಿಗೆ ಕೆಮ್ಮು ಹತ್ತಿದೆ. ಕೆಲಸ ಚೆನ್ನಾಗಿ ಆದಷ್ಟೂ ಅದರ ಗುರುತು ಹಿಂದೆ ಮುಚ್ಚಿಹೋಗುತ್ತದೆ. ಹೊಗಳಿಕೆ ಡಬ್ಬಕ್ಕೆ ಸಲ್ಲುತ್ತದೆ, ದೂರು ಕೂರಿಸಿದವನಿಗೆ.

ದೂರು ಈಗ ಮೂರಾಗಿದೆ. ಮೂರನೆಯದು ಈ ಮನೆಯದು. ಎಂಟು ದಿನದ ಹಿಂದೆ ಇಲ್ಲಿ ಫಕೀರೇಶ ಮೇಲಿನ ಸಾಲಿನ ಐದು ಡಬ್ಬ ಕೂರಿಸಿ ಹೋಗಿದ್ದರು. ಕಪಾಟು ಓರೆಯಾಗಿದೆ ಎಂದು ಮನೆಯೊಡತಿ ಅಂಗಡಿಗೆ ಫೋನು ಮಾಡಿದರು. ಅಂಗಡಿಯ ಗೋಪೀನಾಥ ನಿನ್ನೆ ಫಕೀರೇಶರಿಗೆ ಹೇಳಿದ ಮಾತು ಚಿಕ್ಕದು: "ನಾಳೆ ಹತ್ತು ಗಂಟೆ ಒಳಗೆ ಆಂಟಿ ಬಾಯಲ್ಲಿ ಸರಿ ಹೋಯ್ತು ಅನ್ನಿಸು, ಫಕೀರ. ಆಗ್ಲಿಲ್ವಾ, ಇನ್ಮೇಲೆ ನಮ್ಮ ಸೈಟಿಗೆ ಬರ್ಬೇಡ. ನಾನೂ ಎಷ್ಟು ಜನಕ್ಕೆ ಉತ್ತರ ಕೊಡ್ಲಿ ಮಾರಾಯ?"

ಆರೂಮುಕ್ಕಾಲಿಗೆ ಮನೆಯೊಡತಿ ಮುನಿಲಕ್ಷ್ಮಮ್ಮ ಬಾಗಿಲು ತೆರೆಯುತ್ತಾರೆ. ಊರು ಹಳ್ಳಿಯಾಗಿದ್ದಾಗಿನಿಂದ ಇಲ್ಲಿಯವರು. ಕೆರೆಯ ಕೆಳಗೆ ಗದ್ದೆ ಇದ್ದ ಮನೆತನ. ಸಂಜೆಯ ಪೂಜೆಗೆ ನೆಂಟರು ಬರುತ್ತಾರೆ. ಫಕೀರೇಶರನ್ನು ನೇರ ಅಡುಗೆಮನೆಗೆ ಕರೆದೊಯ್ದು, ಡಬ್ಬಗಳ ತಳಕ್ಕೂ ಟೈಲ್ಸಿನ ಮೇಲಂಚಿಗೂ ನಡುವಿನ ಸಂದಿಯಲ್ಲಿ ಬೆರಳಿಡುತ್ತಾರೆ.

"ನೋಡಪ್ಪ, ಕಿಟಕಿ ಹತ್ರ ಒಂದು ಬೆರಳು, ಹಿತ್ತಲ ಬಾಗಿಲ ಹತ್ರ ಎರಡು ಬೆರಳು. ನಾನು ಇಸ್ಕೂಲಿಗೆ ಹೋದೋಳಲ್ಲ, ಬೆರಳು ಎಣ್ಸಕ್ಕೆ ಬರುತ್ತೆ. ಟೈಲ್ಸ್ ನೇರಕ್ಕೆ ಇಳ್ಸು, ಮುಗೀತು."

"ಇಳಸಬಹುದ್ರಿ ಅಮ್ಮಾರ. ಆದ್ರ ಆಮ್ಯಾಲ ಒಂದ ಬಾಗಿಲಾ ತಾನ ತಕ್ಕೋತೈತಿ, ಇನ್ನೊಂದ ಮಾರಿಗೆ ಬಡೀತೈತಿ."

ಇದು ಅನುಭವದ ಮಾತು. ವಿಜಯನಗರದ ಮನೆಯೊಂದರಲ್ಲಿ ಹೀಗೇ ಒತ್ತಾಯಕ್ಕೆ ಕಟ್ಟುಬಿದ್ದು ಓರೆ ಟೈಲ್ಸಿಗೆ ಓರೆಯಾಗಿ ಕೂರಿಸಿದ್ದರು. ನೋಡಲು ಚೆಂದವಿತ್ತು. ತಿಂಗಳೊಳಗೆ ತಾನಾಗಿ ತೆರೆದುಕೊಂಡ ಬಾಗಿಲು ಆ ಮನೆಯ ಸೊಸೆಯ ಹಣೆಗೆ ತಾಗಿತು. ಮೊದಲ ದೂರು ಅದೇ.

ಹಾಗಾದರೆ ಟೈಲ್ಸೇ ಓರೆ ಎಂದು ಹೇಳಿಬಿಡಬಾರದೆ? ಅಲ್ಲೇ ಇರುವುದು ಫಕೀರೇಶರ ತೊಡಕು. "ನಮ್ಮಪ್ಪ ಹೇಳತಿದ್ದ," ಎಂದು ದನಿ ತಗ್ಗಿಸುತ್ತಾರೆ. "ಗಾಲಿಗೆ ಕಮ್ಮಾರ ಹಾಕಿದ ಪಟ್ಟಿ ಸಡಿಲಿದ್ರ ಗಾಡಿಯವನ ಮುಂದ ಅನಬ್ಯಾಡ, ಕಮ್ಮಾರನ ಮುಂದ ಅನ್ನು ಅಂತ. ಒಬ್ಬಾವ ದುಡಿದ ಮನ್ಯಾಗ ಇನ್ನೊಬ್ಬಾವ ಅವನ ಹೆಸರು ಕೆಡಸಬಾರದ್ರಿ."

ಹಳ್ಳಿಗಳ ಕಡೆ ಹಿರಿಯರು ಒಂದು ಕತೆ ಹೇಳುವುದುಂಟು. ಶಿವ ಲೋಕ ಕಟ್ಟಿ ಮುಗಿಸಿದ ಮೇಲೆ, ಎಲ್ಲ ಸರಿಯಿದೆಯೇ ನೋಡಿ ಬಾ ಎಂದು ಗಾಳಿಯನ್ನು ಕಳಿಸಿದನಂತೆ. ಗಾಳಿಗೆ ನಿಂತು ನೋಡುವ ವ್ಯವಧಾನವಿಲ್ಲ, ಸರಿಯಿದೆ ಎಂದು ಹೇಳಿ ಹೋಯಿತು. ಬೆಂಕಿಯನ್ನು ಕಳಿಸಿದ, ಅದು ಸಿಕ್ಕಿದ್ದನ್ನು ತಿಂದು ಮಲಗಿತು. ಕೊನೆಗೆ ಹೋದ ನೀರು ಯಾರನ್ನೂ ದೂರಲಿಲ್ಲ, ತಗ್ಗು ಇದ್ದ ಕಡೆ ಹೋಗಿ ಸುಮ್ಮನೆ ನಿಂತುಕೊಂಡಿತು. ಓರೆ ಎಲ್ಲಿದೆಯೆಂದು ಶಿವನಿಗೆ ಅಷ್ಟರಲ್ಲೇ ತಿಳಿಯಿತಂತೆ.

ಫಕೀರೇಶ ಹೆಗಲಿನ ಕೊಳವೆ ಇಳಿಸಿ ನೀರು ತುಂಬುತ್ತಾರೆ; ಎಷ್ಟು ದೂರ ಎಳೆದರೂ ಅದರ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗಿನ ಗುಳ್ಳೆ ಹೋಗಲೆಂದು ಬೆರಳಿನಿಂದ ತಟ್ಟುತ್ತಾರೆ, ಮತ್ತೆ ತಟ್ಟುತ್ತಾರೆ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟುತ್ತದೆ, ನೋಡುವುದಿಲ್ಲ. "ಈ ತುದಿ ಹಿಡೀರಿ ಅಮ್ಮಾರ, ಕಿಟಕಿ ಕಡೆ ಡಬ್ಬಿ ತಳಕ್ಕ. ನೀರ ಎಲ್ಲಿ ನಿಲ್ಲತೈತಿ ನೀವ ನೋಡ್ರಿ."

"ನನಗೆ ನೀರು ತೋರಿಸ್ತೀಯಾ? ಹದಿನೈದು ವರ್ಷ ಗದ್ದೆಗೆ ನೀರು ಕಟ್ಟಿದೋಳು ಕಣಪ್ಪ ನಾನು," ಎಂದು ಗೊಣಗುತ್ತಲೇ ಹಿಡಿಯುತ್ತಾರೆ.

ಕಿಟಕಿಯ ಕಡೆ ನೀರು ಡಬ್ಬದ ತಳಕ್ಕೆ ಸಮನಾಗಿ ನಿಲ್ಲುತ್ತದೆ. ಹಿತ್ತಲ ಬಾಗಿಲ ಕಡೆ ಫಕೀರೇಶ ಹಿಡಿದ ತುದಿಯಲ್ಲೂ ಅಷ್ಟೇ. ಮುನಿಲಕ್ಷ್ಮಮ್ಮ ಎರಡು ಸಲ ಆಚೀಚೆ ನಡೆದು ನೋಡುತ್ತಾರೆ. "ಹಂಗಾದ್ರೆ ಓರೆ ಇರೋದ್ಯಾವ್ದು?"

"ಡಬ್ಬಿ ಮಟ್ಟ ಐತ್ರಿ."

"ಅದು ಕಾಣ್ತು. ಓರೆ ಯಾವ್ದು ಅಂದೆ."

ಫಕೀರೇಶ ಕೊಳವೆ ಸುತ್ತುತ್ತಾರೆ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಾರೆ.

"ಬಾಯಿಗೆ ಬೀಗ ಹಾಕ್ಕೊಂಡ್ ಬಂದಿದ್ದಾನೆ ಪುಣ್ಯಾತ್ಮ," ಮುನಿಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಬೇರೆಯವ್ರನ್ನ ಕಳ್ಸಕ್ಕೆ ಹೇಳ್ತೀನಿ ಬಿಡು. ಅವ್ರಾದ್ರೂ ಮಾತಾಡ್ತಾರೆ."

ಅಷ್ಟೊತ್ತಿಗೆ ಮೆಟ್ಟಿಲ ಬಳಿ ಒಬ್ಬರು ಬಂದು ನಿಂತಿದ್ದಾರೆ. ಮೇಸ್ತ್ರಿ ಲಕ್ಷ್ಮೀಪತಿ, ಅರವತ್ತರ ಹತ್ತಿರ. ಈ ಮನೆ ಕಟ್ಟಿದವರು, ಈಗ ಮಹಡಿಯ ಮೇಲೆ ಬಾಡಿಗೆ ಕೋಣೆ ಎಬ್ಬಿಸುತ್ತಿರುವವರು. ಎಂಟು ದಿನದಿಂದ ಕಪಾಟಿನ ಜಗಳ ಅವರ ಕಿವಿಗೆ ಬೀಳುತ್ತಲೇ ಇತ್ತು. ತಲೆಯ ಮೇಲಿನ ಒದ್ದೆ ಗೋಣಿ ತೆಗೆದು, ಒಳಗೆ ಬಂದು, ಅಡುಗೆಕಟ್ಟೆಯ ಕಲ್ಲನ್ನು ಅಂಗೈಯಿಂದ ಸವರುತ್ತಾರೆ.

"ನೆಲ ತೊಳೆದ್ರೆ ನೀರು ಹಿತ್ತಲಿಗೆ ಓಡ್ಬೇಕು ಅಂದಿದ್ರಲ್ಲ ಅಕ್ಕ, ಹಳೇ ಮನೇಲಿದ್ದಂಗೆ? ಅದಕ್ಕೆ ನೆಲಕ್ಕೆ ವಾಟ ಕೊಟ್ಟೆ. ಆಮೇಲೆ ಮರೆತೆ. ಆ ಇಳಿಜಾರು ನೆಲದಿಂದಾನೇ ಟೇಪು ಹಿಡಿದು ಕಲ್ಲು ಕೂರಿಸ್ದೆ, ಕಲ್ಲಿನ ಮೇಲೆ ಟೈಲ್ಸ್ ಹೊಡ್ದೆ. ವಾಟ ಗೋಡೆ ಹತ್ತಿಬಿಡ್ತು. ತಪ್ಪು ನಂದು. ಈ ಹುಡುಗ ಮೊದಲ್ನೇ ದಿನಾನೇ ಕಂಡಿದ್ದ. ಮೇಲೆ ಬಂದು ನನಗೊಬ್ಬನಿಗೇ ಹೇಳ್ದ. ನಾನೇ ಬಾಯಿ ಬಿಡ್ಲಿಲ್ಲ."

ಮುನಿಲಕ್ಷ್ಮಮ್ಮ ಇಬ್ಬರನ್ನೂ ನೋಡುತ್ತಾರೆ, ಆಮೇಲೆ ನೆಲವನ್ನು. "ಒಳ್ಳೇ ಜೋಡಿ," ಎಂದಷ್ಟೇ ಹೇಳಿ ಕಾಫಿಗೆ ನೀರಿಡುತ್ತಾರೆ.

ಫಕೀರೇಶರ ಕೈ ಆಗಲೇ ಕೆಲಸಕ್ಕೆ ಹತ್ತಿದೆ. ಒಂದು ತುದಿಗೆ ಒಂದು ಬೆರಳು, ಇನ್ನೊಂದು ತುದಿಗೆ ಎರಡು ಬೆರಳು ಅಗಲದ ಮರದ ಪಟ್ಟಿ ಹೆರೆದು ಸಂದಿ ಮುಚ್ಚಿದರೆ ಕಣ್ಣಿಗೂ ಸರಿ, ನೀರಿಗೂ ಸರಿ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗುರುತು ಹಾಕುತ್ತಾರೆ. ಫೋನು ಮತ್ತೆ ಗುಂಯ್‌ಗುಟ್ಟುತ್ತದೆ. ಗೋಪೀನಾಥ. ಎತ್ತಲು ಹೋದ ಕೈಯಿಂದ ಲಕ್ಷ್ಮೀಪತಿ ಅದನ್ನು ತೆಗೆದುಕೊಳ್ಳುತ್ತಾರೆ.

"ಸಾರ್, ನಾನು ಮೇಸ್ತ್ರಿ ಲಕ್ಷ್ಮೀಪತಿ ಮಾತಾಡ್ತಿರೋದು. ಮಲ್ಲತ್ತಹಳ್ಳಿ ಮನೆ ಕಂಪ್ಲೇಂಟ್ ಒಂದಿದೆಯಲ್ಲ ಫಕೀರೇಶನ ಹೆಸ್ರಲ್ಲಿ, ಅಲ್ಲಿ ಅವನ ಹೆಸ್ರು ಹೊಡೆದ್ಹಾಕಿ ನನ್ನ ಹೆಸರು ಬರ್ಕೊಳ್ಳಿ."

ಫೋನನ್ನು ಮರದ ಪಟ್ಟಿಯ ಪಕ್ಕದಲ್ಲಿಟ್ಟು, ಗೋಣಿಯನ್ನು ತಲೆಗೆ ಹಾಕಿಕೊಂಡು, ಅವರು ಮೆಟ್ಟಿಲು ಹತ್ತುತ್ತಾರೆ.